ಬರಿಗಾಡಿಯ ತೂಕ

ಇಪ್ಪತ್ತೆರಡು ವರ್ಷ ಆ ಸದನದಲ್ಲಿ ಹೆಸರು ಕೂಗಿದವಳು ನಾನು.
ಮಸೂದೆ ಯಾವುದೇ ಇರಲಿ, ಬೆಕೆಡಾಲ್ ಎಂದಾಗ
ಮೊದಲು ಕುರ್ಚಿ ಕಿರುಗುಟ್ಟುತ್ತಿತ್ತು,
ಆಮೇಲೆ ಉತ್ತರ.

ಆರ್ಲೋ ಬೆಕೆಡಾಲ್, ಬಹುಮತದ ನಾಯಕ.
ಅದಕ್ಕೂ ಮೊದಲು, ರೈಲುಹಳಿ ಪಕ್ಕದ ಧಾನ್ಯಗೋಪುರದಲ್ಲಿ
ಲಾರಿ ತೂಗುವ ಹುಡುಗ.
ತುಂಬಿ ಬಂದಾಗ ಒಮ್ಮೆ, ಸುರಿದು ಹೊರಟಾಗ ಒಮ್ಮೆ;
ಅದರಲ್ಲಿ ಇದನ್ನು ಕಳೆದರೆ ಗೋಧಿ.
"ರಾಜಕೀಯವೂ ಇಷ್ಟೇ, ಇರ್ಮಾ," ಅನ್ನುತ್ತಿದ್ದ,
"ಮೊದಲು ಬರಿಗಾಡಿಯ ತೂಕ ತಿಳಿದುಕೋ."

ನಲವತ್ತು ನಿಮಿಷ ಗುಡುಗಿದವರ ಭಾಷಣ
ಅವನ ಹಳದಿ ಕಾಗದದಲ್ಲಿ ಒಂದು ಪುಟಾಣಿ ಅಂಕಿ,
ಕೆಲವೊಮ್ಮೆ ಸೊನ್ನೆ.
ಬಾಯಿ ಬಿಡದೆ, ಕಿಟಕಿಯಾಚೆ
ಮಿಸೌರಿ ನದಿಯ ಮಂಜುಗಡ್ಡೆ ಒಡೆಯುವುದನ್ನೇ ನೋಡುತ್ತಿದ್ದ
ಮುದುಕಿ ಸದಸ್ಯೆಯ ಹೆಸರಿನ ಮುಂದೆ ಒಮ್ಮೆ
ಇಡೀ ಬಜೆಟ್ಟಿನ ಭಾರ ಬರೆದಿದ್ದ.
ಸರಿಯಾಗಿಯೇ ಬರೆದಿದ್ದ.

ಒಳ್ಳೆಯವನೇ ಅಂತ ಕೇಳುತ್ತಾರೆ ಈಗಿನ ಹುಡುಗರು.
ಹೇಗೆ ಹೇಳಲಿ?
ಎದುರಾಡಿದವನೊಬ್ಬನ ಸೇತುವೆಯನ್ನು
ಮೂರು ವರ್ಷ ಡ್ರಾಯರಿನೊಳಗಿಟ್ಟು ಬೀಗ ಹಾಕಿದ್ದ.
ನನ್ನ ಡ್ವೇನ್ ಸತ್ತ ವಾರ, ಹಿಮದ ಬಿರುಗಾಳಿಯಲ್ಲಿ
ನೂರೆಂಬತ್ತು ಮೈಲಿ ಬಂದು
ಅಂಗಳದ ಹಿಮವನ್ನೆಲ್ಲ ತೋಡಿ, ಒಳಗೆ ಕಾಲಿಡದೆ ಹೊರಟುಹೋದ.
ಬೀಗ ಹಾಕಿದ್ದೂ ಸಲಿಕೆ ಹಿಡಿದದ್ದೂ ಅದೇ ಕೈ.

ಆ ರಾತ್ರಿ ಅಧಿವೇಶನದ ಕೊನೆ.
ಹನ್ನೆರಡು ಹೊಡೆದರೆ ಉಳಿದದ್ದೆಲ್ಲ ರದ್ದಿ.
ಹನ್ನೊಂದು ಐವತ್ತಾರಕ್ಕೆ ಕಣ್ಣಲ್ಲೇ ಸನ್ನೆ ಮಾಡಿದ.
ಬಾಗಿಲು ಕಾಯುವ ಲೆರಾಯ್ ಏಣಿ ತಂದು, ಹತ್ತಿ,
ಗಡಿಯಾರದ ಮುಳ್ಳು ಹಿಡಿದು ನಿಲ್ಲಿಸಿದ.
ಯಾರೂ ನಗಲಿಲ್ಲ. ನಮ್ಮ ಹಳೇ ಪದ್ಧತಿ ಅದು:
ಕಾಲ ನಮ್ಮ ಮಾತು ಕೇಳುತ್ತದೆಂದು
ಎಪ್ಪತ್ತು ಮಂದಿ ದೊಡ್ಡವರು ಒಪ್ಪಿಕೊಂಡು ಕೂರುವುದು.

ಮಕ್ಕಳು ಕಡಿಮೆಯಾದ ಶಾಲೆಗಳನ್ನು ಮುಚ್ಚುವುದು,
ಉಳಿದ ಹಣದಲ್ಲಿ ಪಡುವಣ ಕೌಂಟಿಗಳಿಗೆ ಹೆರಿಗೆ ಕೋಣೆ;
ಅಲ್ಲಿ ಲಕೋಟಾ ಬಸುರಿಯರು ನೋವು ತಿನ್ನುತ್ತಾ
ತೊಂಬತ್ತು ಮೈಲಿ ಹೋಗಬೇಕಿತ್ತು.
ಪಟ್ಟಿಯಲ್ಲಿ ಹದಿನೇಳನೆಯದು ಅವನೂರಿನ ಶಾಲೆ:
ಒಂಬತ್ತು ಮಕ್ಕಳು, ಒಬ್ಬಳು ಟೀಚರ್,
ಕಿಟಕಿಗೆ ಅವನ ತಾಯಿ ಹೊಲಿದುಕೊಟ್ಟ ಪರದೆ.

ಅಕ್ಷರದ ಸರದಿಯಲ್ಲಿ ಅವನದು ನಾಲ್ಕನೇ ಹೆಸರು. ಕೂಗಿದೆ.
"ಮುಂದೆ ಹೋಗು" ಅಂದ.
ಅಳೆದು ಸುರಿಯುವ ಆಸಾಮಿಯಲ್ಲ ಅವನು,
ಅದಕ್ಕೇ ಎಲ್ಲರ ಕತ್ತೂ ತಿರುಗಿತು.
ಕೊನೆಗೆ ಮೂವತ್ತೈದು ಹೌದು, ಮೂವತ್ತನಾಲ್ಕು ಇಲ್ಲ.
ಬೇಕಾದದ್ದು ಮೂವತ್ತಾರು.
ಮತ್ತೆ ಕೂಗಿದೆ.
ಕುರ್ಚಿ ಕಿರುಗುಟ್ಟಲಿಲ್ಲ. ಎದ್ದು ನಿಂತೇ ಇದ್ದ.
"ಹೌದು."

ಗೋಡೆಯಲ್ಲಿ ಇನ್ನೂ ಹನ್ನೊಂದು ಐವತ್ತಾರು,
ನನ್ನ ಮಣಿಕಟ್ಟಿನಲ್ಲಿ ಮೂರೂಕಾಲು.

ನವೆಂಬರಿನಲ್ಲಿ ಮೂವತ್ತೊಂದು ಮತಗಳಿಂದ ಸೋತ.
ಊರ ಕೆಫೆಯವರು ಕೊಕ್ಕೆಯಿಂದ ಅವನ ಕಾಫಿ ಲೋಟ ಇಳಿಸಿ
ಹಳೇ ಪತ್ರಿಕೆಯಲ್ಲಿ ಸುತ್ತಿ ಮನೆಗೆ ಕಳಿಸಿದರಂತೆ.
ಮತ್ತೆ ಧಾನ್ಯಗೋಪುರ, ಮತ್ತೆ ತೂಗುಕಟ್ಟೆ.

ಒಂದು ಸಲ ಹೋಗಿದ್ದೆ.
"ಕಾರು ಕಟ್ಟೆಯ ಮೇಲೆ ತಾ" ಅಂದ. ಅಂಕಿ ನೋಡಿದ.
"ಈಗ ನೀನು ಇಳಿ." ಇಳಿದೆ.
ಎರಡು ಅಂಕಿಗಳ ನಡುವಿನ ನನ್ನನ್ನು
ಚೀಟಿಯಲ್ಲಿ ಬರೆದುಕೊಟ್ಟ.
"ಪೂರ್ತಿ ನಂಬಬೇಡ. ಇಪ್ಪತ್ತು ಪೌಂಡಿಗಿಂತ ಕಡಿಮೆಯದು
ಈ ಕಟ್ಟೆಗೆ ಕಾಣಿಸುವುದಿಲ್ಲ," ಅಂದ.
ಸ್ವಲ್ಪ ಹೊತ್ತು ಬಿಟ್ಟು:
"ಆಗಷ್ಟೇ ಹುಟ್ಟಿದ ಕೂಸೂ ಕಾಣಿಸುವುದಿಲ್ಲ."

ಈ ಮಾರ್ಚಿನಲ್ಲಿ ಅವನ ಸಂತಾಪ ನಿರ್ಣಯ.
ಮೇಲಿನ ಗ್ಯಾಲರಿಯಲ್ಲಿ, ಕೋಟು ತೊಟ್ಟೇ ಕೂತಿದ್ದೆ.
ಹೊಸ ಹುಡುಗಿ ಹೆಸರು ಓದುವಾಗ ಎಡವಿದಳು,
ಬೆಕೆನ್‌ಡಾಲ್ ಅಂದಳು; ತಿದ್ದುವವರು ಯಾರೂ ಇರಲಿಲ್ಲ.
ಒಂದು ನಿಮಿಷ ಮೌನ ಅಂದರು.
ಯಾರೋ ಕೆಮ್ಮಿದರು. ಸಭಾಪತಿಯ ಸುತ್ತಿಗೆ ಬಿತ್ತು.
ಎಣಿಸುತ್ತಿದ್ದೆ ನಾನು: ನಲವತ್ತೊಂದು ಸೆಕೆಂಡು.

ಬಾಕಿ ಹತ್ತೊಂಬತ್ತನ್ನು
ಕಂಬಿ ಹಿಡಿದು ಮೆಟ್ಟಿಲಿಳಿಯುತ್ತಾ
ನಾನೇ ಮುಗಿಸಿದೆ.